ಹಾಡು ಉಳಿಯಲೆಂದೇ ಹಳೆಯ ವರ್ಷನ್

ಜೀವನ್ ಬಿಮಾ ನಗರದಲ್ಲಿ ಸಂಗೀತದ ಕೆಲಸ ನಡೆಯುವ ಮನೆಗಳಿಗೆ ಬೋರ್ಡು ಇರುವುದು ಕಡಿಮೆ. ಎಲ್‌ಐಸಿ ಕಾಲೊನಿಯ ಆಸುಪಾಸಿನ ಅಡ್ಡರಸ್ತೆಗಳಲ್ಲಿ, ತಿಪ್ಪಸಂದ್ರ ಮಾರುಕಟ್ಟೆ ಕಡೆಯ ಮಹಡಿ ಮನೆಗಳಲ್ಲಿ, ಮುರುಗೇಶಪಾಳ್ಯದತ್ತ ಹೊರಳುವ ಓಣಿಗಳ ಬಾಡಿಗೆ ಕೋಣೆಗಳಲ್ಲಿ ಒಂದು ಮೈಕು, ಒಂದು ಕೀಬೋರ್ಡು, ಗೋಡೆಗೆ ಫೋಮು, ಕಿಟಕಿಗೆ ದಪ್ಪ ಪರದೆ ಇದ್ದರೆ ಅದೇ ಸ್ಟುಡಿಯೋ. ದೇವರನಾಮದ ಆಲ್ಬಮ್, ಧಾರಾವಾಹಿಯ ಶೀರ್ಷಿಕೆ ಗೀತೆ, ಚರ್ಚಿನ ಕ್ರಿಸ್‌ಮಸ್ ಹಾಡು, ಶಾಲೆಯ ವಾರ್ಷಿಕೋತ್ಸವಕ್ಕೊಂದು ಮೈನಸ್ ಟ್ರ್ಯಾಕ್ ಎಲ್ಲವೂ ಇಲ್ಲೇ ಆಗುತ್ತವೆ. ಇಂಥ ಕೋಣೆಗಳಲ್ಲಿ ಮೇಜಿನ ಕೆಳಗೆ ಕಣ್ಣು ಹಾಯಿಸಿದರೆ ಎಷ್ಟೋ ಕಡೆ ಒಂದು ಹಳೆಯ ಸಿಸ್ಟಮ್ ಕಾಣುತ್ತದೆ. ಅದಕ್ಕೆ ಇಂಟರ್‌ನೆಟ್ ವೈರನ್ನು ಬೇಕೆಂದೇ ಚುಚ್ಚಿರುವುದಿಲ್ಲ. ಆನ್ ಮಾಡಿದರೆ ವಿಂಡೋಸ್ 7, ಅಪರೂಪಕ್ಕೆ ಎಕ್ಸ್‌ಪಿ. ಅದರೊಳಗೆ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರು: ಕ್ಯೂಬೇಸ್ 5, ನ್ಯೂಯೆಂಡೊ 3 ಅಥವಾ ಎಫ್‌ಎಲ್ ಸ್ಟುಡಿಯೋದ ಹಿಂದಿನ ಯಾವುದೋ ವರ್ಷನ್.

ಸಾಫ್ಟ್‌ವೇರ್ ಕಂಪನಿಗಳಿಂದ ಸುತ್ತುವರಿದ ಬಡಾವಣೆ ಇದು. ಎದುರು ಮನೆಯ ಹುಡುಗ ಪ್ರತಿದಿನ ಬೆಳಿಗ್ಗೆ ಹೊಸ ಕೋಡ್ ಬರೆಯಲು ಹೊರಡುತ್ತಾನೆ. ಅವನ ಕಣ್ಣಿಗೆ ಈ ಹಳೆಯ ಪೆಟ್ಟಿಗೆ ಜಿಪುಣತನದಂತೆಯೋ ಸೋಮಾರಿತನದಂತೆಯೋ ಕಂಡರೆ ಆಶ್ಚರ್ಯವಿಲ್ಲ. ‘ಅಪ್‌ಡೇಟ್ ಮಾಡಿಕೊಳ್ಳಿ ಅಂಕಲ್, ಎಷ್ಟೊಂದು ಹೊಸ ಫೀಚರ್ ಬಂದಿದೆ’ ಎಂದು ಅವನು ಹೇಳುವುದು ಪ್ರೀತಿಯಿಂದಲೇ. ಆದರೆ ಆ ಪೆಟ್ಟಿಗೆಯನ್ನು ಹಾಗೇ ಇಟ್ಟುಕೊಂಡವರ ಹತ್ತಿರ ಗಟ್ಟಿಯಾದ ಕಾರಣಗಳಿವೆ. ಆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಳೆದ ಮೂರು ದಶಕಗಳಲ್ಲಿ ನಮ್ಮ ಹಾಡುಗಳು ಎಲ್ಲಿ, ಹೇಗೆ ಶೇಖರವಾಗಿವೆ ಎಂಬ ದೊಡ್ಡ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಟೇಪಿನಿಂದ ಫೈಲಿಗೆ

ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗ್‌ಗೆ ಒಂದು ಕಾಲದಲ್ಲಿ ಮದರಾಸಿಗೇ ಹೋಗಬೇಕಿತ್ತು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಆ ಓಡಾಟ ತಗ್ಗಿತು. 1974ರಲ್ಲಿ ಶುರುವಾಗಿದ್ದ ಲಹರಿಯಂಥ ಕಂಪನಿಗಳ ಕ್ಯಾಸೆಟ್‌ಗಳು ಭಾವಗೀತೆ, ಜನಪದ ಗೀತೆ, ಭಕ್ತಿಗೀತೆಗಳನ್ನು ಮನೆಮನೆಗೆ ಮುಟ್ಟಿಸಿದವು. ಆಗ ಹಾಡು ಎಂದರೆ ಟೇಪು. ಅದರ ಮೇಲೆ ಇರುವುದು ಶಬ್ದವೇ. ಸರಿಯಾದ ಯಂತ್ರ ಸಿಕ್ಕರೆ, ಟೇಪು ಬೂಷ್ಟು ಹಿಡಿಯದಿದ್ದರೆ, ನಲವತ್ತು ವರ್ಷದ ನಂತರವೂ ಅದು ನುಡಿಯುತ್ತದೆ.

ಕಂಪ್ಯೂಟರ್ ಬಂದಾಗ ಈ ಲೆಕ್ಕ ಬದಲಾಯಿತು. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗಾಗಿ ಕ್ಯೂಬೇಸ್ ತಂದಿತು. ಅಮೆರಿಕದ ಡಿಜಿಡಿಸೈನ್ 1991ರಲ್ಲಿ ಪ್ರೋ ಟೂಲ್ಸ್ ತಂದಿತು. 1996ರಲ್ಲಿ ಸ್ಟೈನ್‌ಬರ್ಗ್ ವಿಎಸ್‌ಟಿ ಎಂಬ ವ್ಯವಸ್ಥೆಯನ್ನು ಹೊರತಂದ ಮೇಲೆ, ಯಾರು ಬೇಕಾದರೂ ಮೊದಲು ರಿವರ್ಬಿನಂಥದ್ದನ್ನು, ಮುಂದೆ ಇಡೀ ವಾದ್ಯವನ್ನೇ ಚಿಕ್ಕ ಸಾಫ್ಟ್‌ವೇರ್ ರೂಪದಲ್ಲಿ ಬರೆದು ಕ್ಯೂಬೇಸ್‌ನೊಳಗೆ ಸೇರಿಸುವುದು ಸಾಧ್ಯವಾಯಿತು. ಇದೇ ಇವತ್ತಿನ ಪ್ಲಗಿನ್. ದೊಡ್ಡ ಕನ್ಸೋಲು, ಕಪಾಟಿನ ತುಂಬ ಯಂತ್ರ ಬೇಕಾಗಿದ್ದ ಕೆಲಸ ಒಂದು ಮಲಗುವ ಕೋಣೆಗೆ ಇಳಿಯಿತು. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಸಿಸ್ಟಮ್ಮೇ ಸ್ಟುಡಿಯೋ ಆಯಿತು. ಕೂಲ್ ಎಡಿಟ್, ಸೌಂಡ್ ಫೋರ್ಜ್, ನ್ಯೂಯೆಂಡೊ ಎಂಬ ಹೆಸರುಗಳು ನಮ್ಮ ಕೀಬೋರ್ಡ್ ಪ್ರೋಗ್ರಾಮರ್‌ಗಳ ಮನೆಮಾತಾದವು.

ಪ್ರಾಜೆಕ್ಟ್ ಫೈಲಿನೊಳಗೆ ಹಾಡಿಲ್ಲ

ಹೊರಗಿನವರಿಗೆ ಗೊತ್ತಾಗದ ಸಂಗತಿ ಇದು. ಕ್ಯೂಬೇಸ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಫೈಲಿನೊಳಗೆ ಹಾಡು ಇರುವುದಿಲ್ಲ. ಮೈಕಿನಲ್ಲಿ ಹಾಡಿದ ದನಿ, ನುಡಿಸಿದ ಕೊಳಲು ಪಕ್ಕದ ಫೋಲ್ಡರಿನಲ್ಲಿ ವೇವ್ ಫೈಲುಗಳಾಗಿ ಕೂತಿರುತ್ತವೆ. ಕೀಬೋರ್ಡಿನಲ್ಲಿ ನುಡಿಸಿದ ಸ್ಟ್ರಿಂಗ್ಸ್, ಬೇಸ್, ವೀಣೆಯ ಟೋನ್, ತಾಳದ ಲೂಪು ಇವುಗಳ ಶಬ್ದ ಎಲ್ಲಿಯೂ ಇರುವುದಿಲ್ಲ. ಇರುವುದು ಸೂಚನೆಗಳು ಮಾತ್ರ: ಈ ಸ್ವರವನ್ನು ಇಷ್ಟು ಹೊತ್ತು, ಇಷ್ಟು ಒತ್ತಿ, ಇಂಥ ಪ್ಲಗಿನ್ನಿನ ಇಂಥ ಪ್ಯಾಚಿನಲ್ಲಿ ನುಡಿಸು, ಅದಕ್ಕೆ ಇಷ್ಟು ರಿವರ್ಬ್ ಹಾಕು, ಎರಡನೇ ಚರಣದಲ್ಲಿ ದನಿಯನ್ನು ಇಷ್ಟು ಇಳಿಸು. ಪ್ರತಿ ಸಲ ಪ್ಲೇ ಒತ್ತಿದಾಗಲೂ ಸಾಫ್ಟ್‌ವೇರು ಆ ಸೂಚನೆಗಳನ್ನು ಓದಿ ಶಬ್ದವನ್ನು ಹೊಸದಾಗಿ ಹುಟ್ಟಿಸುತ್ತದೆ.

ಹತ್ತು ವರ್ಷದ ಹಿಂದೆ ಮಾಡಿದ ಭಕ್ತಿಗೀತೆಯ ಪ್ರಾಜೆಕ್ಟನ್ನು ಹೊಸ ಕಂಪ್ಯೂಟರಿನ ಹೊಸ ವರ್ಷನ್‌ನಲ್ಲಿ ತೆರೆದು ನೋಡಿ. ಮೊದಲು ಬರುವುದು ಒಂದು ಪಟ್ಟಿ. ಈ ಪ್ಲಗಿನ್ ಸಿಗಲಿಲ್ಲ, ಆ ಪ್ಲಗಿನ್ ಸಿಗಲಿಲ್ಲ. ಓಕೆ ಒತ್ತಿ ಒಳಗೆ ಹೋದರೆ ಟ್ರ್ಯಾಕುಗಳ ಹೆಸರುಗಳು ನೀವೇ ಇಟ್ಟಂತೆ ಸಾಲಾಗಿ ಇವೆ: ಶ್ರುತಿ, ಮೃದಂಗ ಎಡ, ಮೃದಂಗ ಬಲ, ಪ್ಯಾಡ್, ವೀಣೆ, ಕೋರಸ್ 1, ಕೋರಸ್ 2. ಬಣ್ಣಗಳೂ ಅವೇ. ಪ್ಲೇ ಒತ್ತುತ್ತೀರಿ. ಗಾಯಕಿಯ ದನಿ ಬರುತ್ತದೆ, ಮೃದಂಗ ಬರುತ್ತದೆ. ವೀಣೆ ಬರುವುದಿಲ್ಲ. ಪ್ಯಾಡ್ ಇರಬೇಕಾದಲ್ಲಿ ಏನೂ ಕೇಳುವುದಿಲ್ಲ. ಪರದೆಯ ಮೇಲೆ ಸ್ವರಗಳು ಸಣ್ಣ ಪಟ್ಟಿಗಳಾಗಿ ಸರಿದು ಹೋಗುತ್ತಿವೆ, ಅವುಗಳನ್ನು ನುಡಿಸುವ ವಾದ್ಯವೇ ಇಲ್ಲ. ದನಿಗೆ ಹಾಕಿದ್ದ ರಿವರ್ಬ್ ಕೂಡ ಇಲ್ಲದ್ದರಿಂದ ಅದು ಒಣಗಿದಂತೆ ಕೇಳುತ್ತದೆ. ಆ ಹೊತ್ತಿಗೆ ಆಲ್ಬಮ್ ಮಾಡಿಸಿದವರು ಫೋನ್ ಮಾಡಿ, ‘ಸಾರ್, ಅದೇ ಹಾಡಿಗೆ ಪಲ್ಲವಿಯ ಎರಡನೇ ಸಾಲು ಬದಲಾಯಿಸಿ ಕೊಡಿ, ಮಿಕ್ಕಿದ್ದೆಲ್ಲ ಹಾಗೇ ಇರಲಿ’ ಎಂದರೆ ಏನು ಮಾಡುವುದು? ಮೇಜಿನ ಕೆಳಗಿನ ಹಳೆಯ ಸಿಸ್ಟಮ್ಮನ್ನು ಆನ್ ಮಾಡುವುದು.

ಕನ್ನಡದ ಅಚ್ಚುಕೂಟಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದುಡಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಅಡೋಬಿಯ ಪೇಜ್‌ಮೇಕರ್‌ನ ಕೊನೆಯ ವರ್ಷನ್ 7 ಬಂದದ್ದು 2001ರಲ್ಲಿ. ಅದಾದ ಎಷ್ಟೋ ವರ್ಷಗಳವರೆಗೂ ನಮ್ಮಲ್ಲಿ ಪುಸ್ತಕ, ಲಗ್ನಪತ್ರಿಕೆ, ಕರಪತ್ರಗಳು ಅದರಲ್ಲೇ ಸಿದ್ಧವಾದವು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕೂಡಿಸಿದ ಪುಟಗಳನ್ನು ಯೂನಿಕೋಡ್ ಲೋಕದ ಹೊಸ ಸಾಫ್ಟ್‌ವೇರಿನಲ್ಲಿ ತೆರೆದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಇಡೀ ಪುಸ್ತಕದ ಕರಡು ಮತ್ತೆ ತಿದ್ದಬೇಕು. ಆ ಆಪರೇಟರುಗಳು ಹಳೆಯದಕ್ಕೆ ಅಂಟಿಕೊಂಡದ್ದು ಹೊಸದು ಕಲಿಯಲಾರದೆ ಅಲ್ಲ. ಅವರ ಇಪ್ಪತ್ತು ವರ್ಷದ ದುಡಿಮೆ ಆ ಹಳೆಯ ರೂಪದಲ್ಲಿತ್ತು. ನಮ್ಮ ಸಂಗೀತದವರ ಸ್ಥಿತಿಯೂ ಇದೇ.

32 ಬಿಟ್ ಎಂಬ ಗಡಿ

ಪ್ಲಗಿನ್ ಕಾಣೆಯಾಗುವುದು ಏಕೆ? ಬಹುಪಾಲು ಸಲ ಉತ್ತರ 32 ಬಿಟ್. ಆ ಬಗೆಯ ಸಾಫ್ಟ್‌ವೇರು 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ಬಳಸಲಾರದು. ದೊಡ್ಡ ದೊಡ್ಡ ಸ್ಯಾಂಪಲ್ ಲೈಬ್ರರಿಗಳು ಬಂದಂತೆ ಅದು ಸಾಲದಾಯಿತು. 64 ಬಿಟ್‌ಗೆ ಹೋಗುವುದು ಅನಿವಾರ್ಯವಾಗಿತ್ತು. ಆದರೆ ಹೋದದ್ದು ಹೇಗೆ ಎಂಬುದನ್ನು ನೋಡಿ. ಪ್ರೋ ಟೂಲ್ಸ್ 2013ರಲ್ಲಿ 11ನೇ ವರ್ಷನ್‌ಗೆ ಬಂದಾಗ ಅಲ್ಲಿಯವರೆಗಿನ ಆರ್‌ಟಿಎಎಸ್, ಟಿಡಿಎಂ ಬಗೆಯ ಪ್ಲಗಿನ್‌ಗಳಿಗೆಲ್ಲ ಬಾಗಿಲು ಮುಚ್ಚಿತು. ಅದೇ ವರ್ಷ ಆಪಲ್‌ನ ಲಾಜಿಕ್ ಪ್ರೋ ಟೆನ್ 32 ಬಿಟ್ ಪ್ಲಗಿನ್‌ಗಳನ್ನು ಕೈಬಿಟ್ಟಿತು. 2016ರ ಕೊನೆಗೆ ಬಂದ ಕ್ಯೂಬೇಸ್ 9 ಕೂಡ ಅದನ್ನೇ ಮಾಡಿತು. 2019ರ ಅಕ್ಟೋಬರಿನಲ್ಲಿ ಆಪಲ್ ತನ್ನ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ಸಾಫ್ಟ್‌ವೇರನ್ನು ಇಡೀ ಮ್ಯಾಕ್‌ನಿಂದಲೇ ತೆಗೆದುಹಾಕಿತು.

ದೊಡ್ಡ ಕಂಪನಿಗಳು ತಮ್ಮ ಪ್ಲಗಿನ್‌ಗಳನ್ನು 64 ಬಿಟ್‌ಗೆ ತಿದ್ದಿ ಬರೆದವು. ಆದರೆ ಎಷ್ಟೋ ಒಳ್ಳೆಯ ಪ್ಲಗಿನ್‌ಗಳು ಒಬ್ಬೊಬ್ಬರೇ ಮನೆಯಲ್ಲಿ ಕೂತು ಬರೆದು, ಉಚಿತವಾಗಿ ಹಂಚಿದಂಥವು. ಬರೆದವರು ಬೇರೆ ಕೆಲಸಕ್ಕೆ ಹೋದರು, ಪ್ಲಗಿನ್ ಅಲ್ಲಿಗೇ ನಿಂತಿತು. ಕಂಪನಿಗಳೂ ಕೆಲವನ್ನು ಕೈಬಿಟ್ಟವು. ಸ್ಟೈನ್‌ಬರ್ಗ್‌ನದೇ ಹೈಪರ್‌ಸಾನಿಕ್ 2 ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹಗುರವಾದ, ಬೇಗ ಲೋಡ್ ಆಗುವ, ಒಂದೇ ಕಡೆ ನೂರಾರು ಟೋನ್ ಸಿಗುವ ವಾದ್ಯ ಅದು. ಕಡಿಮೆ ಮೆಮೊರಿಯ ಸಿಸ್ಟಮ್‌ನಲ್ಲಿ ದಿನಕ್ಕೊಂದು ಹಾಡು ಮುಗಿಸಬೇಕಾದವರಿಗೆ ವರವಾಗಿತ್ತು. ಕಂಪನಿ ಅದನ್ನು ಮುಂದುವರಿಸಲಿಲ್ಲ, 64 ಬಿಟ್ ರೂಪ ಬರಲೇ ಇಲ್ಲ. ಗಿಗಾಸ್ಟುಡಿಯೋ ಎಂಬ ಸ್ಯಾಂಪ್ಲರನ್ನು ಟಾಸ್ಕಾಮ್ 2008ರಲ್ಲಿ ನಿಲ್ಲಿಸಿತು. ಆ ಟೋನುಗಳ ಮೇಲೆ ಕಟ್ಟಿದ ಹಾಡುಗಳನ್ನು ಹಾಗೆಯೇ ತೆರೆಯಬೇಕೆಂದರೆ ಆ ಕಾಲದ ಕಂಪ್ಯೂಟರೇ ಬೇಕು.

ಇದರ ಮೇಲೆ ವಿಎಸ್‌ಟಿ 2ರ ಕಥೆ ಇದೆ. 1999ರಿಂದ ಜಗತ್ತಿನ ಪ್ಲಗಿನ್‌ಗಳಲ್ಲಿ ಬಹುಪಾಲು ನಡೆದದ್ದು ಈ ವ್ಯವಸ್ಥೆಯಲ್ಲಿ. ಅದಕ್ಕೆ ಬದಲಾಗಿ ವಿಎಸ್‌ಟಿ 3 ಬಂದದ್ದು 2008ರಲ್ಲಿ. 2022ರ ಜನವರಿಯಲ್ಲಿ ಸ್ಟೈನ್‌ಬರ್ಗ್, ಇನ್ನು 24 ತಿಂಗಳೊಳಗೆ ತನ್ನ ಸಾಫ್ಟ್‌ವೇರುಗಳಿಂದ ವಿಎಸ್‌ಟಿ 2 ಬೆಂಬಲವನ್ನು ತೆಗೆಯುವುದಾಗಿ ಹೇಳಿತು. ವರ್ಷಗಟ್ಟಲೆ ಆ ವ್ಯವಸ್ಥೆಯಲ್ಲೇ ಹಾಡು ಕಟ್ಟಿದವರು ಇಂಥ ಸುದ್ದಿ ಓದಿದಾಗ ಮಾಡುವ ಮೊದಲ ಕೆಲಸ ಅಪ್‌ಡೇಟ್ ಬಟನ್‌ನಿಂದ ಕೈ ಹಿಂತೆಗೆಯುವುದು. ಅದು ತೀರಾ ಸಹಜ.

ಸಾಫ್ಟ್‌ವೇರ್ ಒಂದೇ ಅಲ್ಲ, ಒಂದಕ್ಕೊಂದು ತಗುಲಿಕೊಂಡ ಸರಪಳಿಯೇ ಇದೆ. ಆಗ ಕೊಂಡ ಎಂ–ಆಡಿಯೋ ಡೆಲ್ಟಾ 1010ನಂಥ ಸೌಂಡ್ ಕಾರ್ಡ್ ಕೂರಬೇಕಾದದ್ದು ಪಿಸಿಐ ಸ್ಲಾಟಿನಲ್ಲಿ. ಹೊಸ ಮದರ್‌ಬೋರ್ಡುಗಳಲ್ಲಿ ಆ ಸ್ಲಾಟೇ ಇಲ್ಲ. ಕಾರ್ಡಿಗೆ ಬೇಕಾದ ಡ್ರೈವರ್ ಹಳೆಯ ವಿಂಡೋಸ್‌ಗಷ್ಟೇ ಬರೆದದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಚಿಪ್ಪು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಹೀಗಾಗಿ ಒಂದು ಸಾಫ್ಟ್‌ವೇರ್ ಬದಲಾಯಿಸಲು ಹೊರಟವರು ಕಂಪ್ಯೂಟರು, ಕಾರ್ಡು, ಪ್ಲಗಿನ್‌ಗಳು, ಕೊನೆಗೆ ಕೇಬಲ್‌ಗಳವರೆಗೆ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಕೆಲಸ ನಡೆಯುತ್ತಿರುವ ಸ್ಟುಡಿಯೋದಲ್ಲಿ ಅದು ಒಂದು ವಾರದ ದುಡಿಮೆಯನ್ನೇ ನುಂಗುತ್ತದೆ.

ಬೆರಳಿಗೆ ಹತ್ತಿದ ವಿದ್ಯೆ

ಎರಡನೆಯ ಕಾರಣ ಬೆರಳುಗಳಲ್ಲಿದೆ. ಹತ್ತು–ಹದಿನೈದು ವರ್ಷ ಒಂದೇ ವರ್ಷನ್ ಬಳಸಿದವರನ್ನು ಪಕ್ಕದಲ್ಲಿ ಕೂತು ನೋಡಬೇಕು. ಕಣ್ಣು ಗಾಜಿನಾಚೆಯ ಗಾಯಕನ ಮೇಲಿರುತ್ತದೆ, ಎಡಗೈ ಕೀಲಿಮಣೆಯ ಮೇಲೆ ತಾನಾಗಿ ಓಡುತ್ತಿರುತ್ತದೆ. ಟೇಕ್ ನಿಲ್ಲಿಸಿ, ಎರಡು ಮಾತ್ರೆ ಹಿಂದಕ್ಕೆ ಹೋಗಿ, ತಪ್ಪಿದ ಸಾಲನ್ನು ಕತ್ತರಿಸಿ, ಮತ್ತೆ ರೆಕಾರ್ಡ್ ಒತ್ತುವುದು ಗಾಯಕ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಗಾಯಕನಿಗೆ ಭಾವ ಕೆಡುವುದಿಲ್ಲ. ಹೊಸ ವರ್ಷನ್ನಿನಲ್ಲಿ ಆ ಬಟನ್ ಬೇರೆ ಮೂಲೆಗೆ ಹೋಗಿದ್ದರೆ, ಹುಡುಕುವ ಮೂರು ಸೆಕೆಂಡಿನಲ್ಲಿ ಕಣ್ಣು ಗಾಯಕನಿಂದ ಪರದೆಗೆ ಬರುತ್ತದೆ. ಆ ಮೂರು ಸೆಕೆಂಡು ಟೇಕಿನಲ್ಲಿ ಕೇಳುತ್ತದೆ.

ತಡವಾಗುವುದು ಇನ್ನೊಂದು ಬಗೆಯಲ್ಲೂ ಇದೆ. ಕಂಪ್ಯೂಟರು ಶಬ್ದವನ್ನು ತುಣುಕು ತುಣುಕಾಗಿ ಓದುತ್ತದೆ. ತುಣುಕಿನ ಅಳತೆ 256 ಸ್ಯಾಂಪಲ್ ಇದ್ದರೆ, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಸುಮಾರು 6 ಮಿಲಿಸೆಕೆಂಡು ತಡ. 1024 ಇದ್ದರೆ 23 ಮಿಲಿಸೆಕೆಂಡು. ಹೊಸ ಸಾಫ್ಟ್‌ವೇರು ಭಾರವಾಗಿದ್ದು, ಕಂಪ್ಯೂಟರು ಹಳೆಯದಾಗಿದ್ದರೆ, ಶಬ್ದ ಕಟ್ ಆಗದಿರಲು ಈ ಅಳತೆಯನ್ನು ಏರಿಸದೆ ಗತಿಯಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತ ಮೃದಂಗದವರ ದೃಷ್ಟಿಯಿಂದ ಲೆಕ್ಕ ಹಾಕೋಣ. ನಿಮಿಷಕ್ಕೆ 80 ಬೀಟ್ ಎಂದರೆ ಒಂದು ಬೀಟಿಗೆ 750 ಮಿಲಿಸೆಕೆಂಡು. ಅದರೊಳಗೆ ಎಂಟು ಅಕ್ಷರ ನುಡಿಸಿದರೆ ಒಂದೊಂದಕ್ಕೆ ಸುಮಾರು 94 ಮಿಲಿಸೆಕೆಂಡು. ಅದರಲ್ಲಿ 23 ತಡವಾಗಿ ಕೇಳಿದರೆ ಒಂದು ಅಕ್ಷರದ ಕಾಲು ಭಾಗವೇ ಹಿಂದೆ ಬಿದ್ದಂತೆ. ಲಯದ ಮೇಲೆ ಬದುಕುವ ಕಲಾವಿದರಿಗೆ ಇದು ಹಿಂಸೆ. ಹಗುರವಾದ ಹಳೆಯ ವರ್ಷನ್ ಅದೇ ಸಿಸ್ಟಮ್‌ನಲ್ಲಿ ಕಡಿಮೆ ಅಳತೆಯಲ್ಲಿ ಸರಾಗವಾಗಿ ಓಡುವಾಗ ಅದನ್ನು ಬಿಡುವುದು ಏಕೆ?

ಕ್ಯೂಬೇಸ್ 5ರಲ್ಲೇ ಇಷ್ಟೊಂದು ಜನ ನಿಂತದ್ದಕ್ಕೂ ಅರ್ಥವಿದೆ. 2009ರಲ್ಲಿ ಬಂದ ಆ ವರ್ಷನ್ನಿನಲ್ಲಿ ದನಿಯ ಶ್ರುತಿಯನ್ನು ತಿದ್ದುವ ವೇರಿಆಡಿಯೋ ಒಳಗೇ ಬಂತು, ನಿಜವಾದ ಸಭಾಂಗಣಗಳ ಅನುರಣನ ಕೊಡುವ ರಿವರ್ಬ್ ಬಂತು. ಒಬ್ಬ ಗಾಯಕ, ನಾಲ್ಕು ವಾದ್ಯ, ಒಂದಿಷ್ಟು ಪ್ರೋಗ್ರಾಮಿಂಗ್ ಇರುವ ಹಾಡಿಗೆ ಬೇಕಾದದ್ದೆಲ್ಲ ಅಲ್ಲಿಗೆ ಕೈಸೇರಿತ್ತು.

ಹೊರದೇಶದ ಪ್ರಸಿದ್ಧರೂ ಹೀಗೆ ಮಾಡಿದ್ದಾರೆ. ಇಂಗ್ಲೆಂಡಿನ ಫ್ಯಾಟ್‌ಬಾಯ್ ಸ್ಲಿಮ್ ಜಗತ್ತನ್ನು ಕುಣಿಸಿದ 1998ರ ಆಲ್ಬಮ್ಮನ್ನು ಮಾಡಿದ್ದು 1985ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ ಎಸ್‌ಟಿಯಲ್ಲಿ. ಮಿಡಿ ಸಾಕೆಟ್ ಒಳಗೇ ಇದ್ದ ಆ ಕಂಪ್ಯೂಟರಿನ ತಾಳ ಕರಾರುವಾಕ್ಕು ಎಂದು ಇಂದಿಗೂ ಹೊಗಳುವವರಿದ್ದಾರೆ. ಕ್ಯಾಲ್ವಿನ್ ಹ್ಯಾರಿಸ್ 2007ರ ತನ್ನ ಮೊದಲ ಆಲ್ಬಮ್ಮನ್ನು ಹಳೆಯ ಅಮಿಗಾ ಕಂಪ್ಯೂಟರಿನಲ್ಲಿ ಕಟ್ಟಿದ. ಅದೇ ವರ್ಷ ಲಂಡನ್ನಿನ ಬರಿಯಲ್ ಎಂಬ ಕಲಾವಿದ ಹೆಸರುವಾಸಿಯಾದ ತನ್ನ ಎರಡನೇ ಆಲ್ಬಮ್ಮಿಗೆ ಬಳಸಿದ್ದು ಸೌಂಡ್ ಫೋರ್ಜ್. ಬಹಳ ಜನ ಅದನ್ನು ಬರಿಯ ಶಬ್ದ ಕತ್ತರಿಸುವ ಸಾಧನ ಎಂದುಕೊಂಡಿದ್ದರು.

ಬೆಂಗಳೂರಿನ ಪೂರ್ವಕ್ಕೆ ಈ ಗುಣ ಹೊಸದಲ್ಲ. ಜೀವನ್ ಬಿಮಾ ನಗರದ ನೆರೆಯಲ್ಲೇ ಇರುವ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ವಾದಕರೂ ಆಗಿದ್ದ ಜಿ. ರಾಜ್‌ನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ತಲುಪಿಸಿದರು. ಇವತ್ತು ಮೊಬೈಲಿನಲ್ಲಿ ತಂಬೂರಿ ಆ್ಯಪ್‌ಗಳಿಗೆ ಕೊರತೆಯಿಲ್ಲ. ಆದರೂ ಸಂಗೀತ ಪಾಠ ನಡೆಯುವ ಎಷ್ಟೋ ಮನೆಗಳಲ್ಲಿ ಗುಂಡಿ ತಿರುಗಿಸಿ ಶ್ರುತಿ ಹಿಡಿಯುವ ಹಳೆಯ ಪೆಟ್ಟಿಗೆಯೇ ನುಡಿಯುತ್ತಿದೆ. ಗುಂಡಿಯನ್ನು ಎಷ್ಟು ತಿರುಗಿಸಿದರೆ ತಮ್ಮ ಮನೆಯ ಶ್ರುತಿ ಎಂಬುದು ಗುರುಗಳ ಬೆರಳಿಗೆ ಗೊತ್ತು.

ದನಿಯೇ ಬೇರೆಯಾದರೆ

‘ಹಳೆಯ ವರ್ಷನ್ನಿನ ಸೌಂಡೇ ಚೆನ್ನ’ ಎಂಬ ಮಾತನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವುದುಂಟು. ಕೆಲವು ಸಲ ಅದು ಭ್ರಮೆಯೇ. ಎರಡು ವರ್ಷನ್‌ಗಳಲ್ಲಿ ಒಂದೇ ವೇವ್ ಫೈಲನ್ನು ಏನೂ ಮಾಡದೆ ನುಡಿಸಿದರೆ ವ್ಯತ್ಯಾಸ ಇರುವ ಕಾರಣವಿಲ್ಲ. ಆದರೆ ವೇಗ ಹಿಗ್ಗಿಸುವ, ಶ್ರುತಿ ತಿದ್ದುವ, ಕಂಪ್ರೆಸ್ ಮಾಡುವ ಲೆಕ್ಕಗಳು ವರ್ಷನ್‌ನಿಂದ ವರ್ಷನ್‌ಗೆ ನಿಜವಾಗಿಯೂ ಬದಲಾಗುತ್ತವೆ.

ಆಟೋ–ಟ್ಯೂನ್ ಇದಕ್ಕೆ ಸಾಕ್ಷಿ. ಆಂಟಾರಿಸ್ ಕಂಪನಿ 1997ರಲ್ಲಿ ತಂದ ಈ ಸಾಧನದ 5ನೇ ವರ್ಷನ್ ಕೊಡುತ್ತಿದ್ದ ದನಿ ಮುಂದಿನವುಗಳಲ್ಲಿ ಸಿಗುತ್ತಿಲ್ಲ ಎಂದು ಎಂಜಿನಿಯರುಗಳು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಅದೊಂದಕ್ಕಾಗಿ ಹಳೆಯ ಕಂಪ್ಯೂಟರುಗಳನ್ನು ಇಟ್ಟುಕೊಂಡರು. 2018ರಲ್ಲಿ ಕಂಪನಿ ಆಟೋ–ಟ್ಯೂನ್ ಪ್ರೋ ತಂದಾಗ ಅದರೊಳಗೆ ‘ಕ್ಲಾಸಿಕ್ ಮೋಡ್’ ಎಂಬ ಗುಂಡಿ ಇತ್ತು. ಅದನ್ನು ಒತ್ತಿದರೆ ಸಿಗುವುದು 5ನೇ ವರ್ಷನ್ನಿನ ದನಿ. ಹಳೆಯದನ್ನು ಬಿಡದವರ ಕಿವಿ ಸರಿಯಾಗಿತ್ತು ಎಂದು ಮಾಡಿದವರೇ ಒಪ್ಪಿಕೊಂಡಂತಾಯಿತು. ನಮ್ಮ ಗಮಕಗಳ ವಿಷಯದಲ್ಲಿ ಈ ಸೂಕ್ಷ್ಮ ಇನ್ನೂ ಮುಖ್ಯ. ತೋಡಿಯ ಗಾಂಧಾರವನ್ನು ತೂಗುವ ದನಿಗೆ ಶ್ರುತಿ ತಿದ್ದುವ ಸಾಧನ ಯಾವ ವೇಗದಲ್ಲಿ ಅಡ್ಡ ಬರುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ವರ್ಷಗಟ್ಟಲೆ ಕೇಳಿ ಕಲಿತವರು, ಆ ಅಂದಾಜನ್ನು ಒಂದು ಅಪ್‌ಡೇಟಿಗೆ ಒಪ್ಪಿಸಿಬಿಡಲು ಹಿಂಜರಿಯುತ್ತಾರೆ.

ಬೀಗದ ಕೈ ಯಾರ ಬಳಿ?

ಇನ್ನೊಂದು ಕಾರಣ ದುಡ್ಡು ಮತ್ತು ನಂಬಿಕೆ. ಈ ಸಾಫ್ಟ್‌ವೇರುಗಳ ಬೆಲೆ ಡಾಲರ್, ಯೂರೋಗಳಲ್ಲಿ. 2010ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು. 2024ರ ಹೊತ್ತಿಗೆ 83 ದಾಟಿತ್ತು. ಭಕ್ತಿಗೀತೆಗೆ, ಜಾಹೀರಾತಿನ ಜಿಂಗಲ್ಲಿಗೆ ಸಿಗುವ ದುಡ್ಡು ಆ ಲೆಕ್ಕದಲ್ಲಿ ಏರಿಲ್ಲ. ಜತೆಗೆ, ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿಯಿಂದ ತಿಂಗಳ ಚಂದಾ ಕಟ್ಟುವ ಪದ್ಧತಿಗೆ ಕಂಪನಿಗಳು ತಿರುಗಿದವು. ಪ್ಲಗಿನ್ ತಯಾರಿಸುವ ಇಸ್ರೇಲಿನ ವೇವ್ಸ್ ಕಂಪನಿ 2023ರ ಮಾರ್ಚಿನಲ್ಲಿ ಇನ್ನು ಮುಂದೆ ಚಂದಾ ಮಾತ್ರ ಎಂದು ಘೋಷಿಸಿತು. ಜಗತ್ತಿನಾದ್ಯಂತ ಸಂಗೀತದವರು ಎದ್ದು ನಿಂತ ಮೇಲೆ ಕೆಲವೇ ದಿನಗಳಲ್ಲಿ ಹಳೆಯ ಮಾರಾಟ ಪದ್ಧತಿಯನ್ನು ಮರಳಿ ತಂದಿತು. ಚಂದಾ ನಿಂತ ದಿನ ಪ್ಲಗಿನ್ ನಿಲ್ಲುತ್ತದೆ, ಪ್ಲಗಿನ್ ನಿಂತ ದಿನ ಹಾಡು ಸರಿಯಾಗಿ ತೆರೆಯುವುದಿಲ್ಲ. ದುಡಿದು ಮಾಡಿದ ಹಾಡನ್ನು ತೆರೆಯಲು ಬದುಕಿಡೀ ಬಾಡಿಗೆ ಕಟ್ಟುವ ಸ್ಥಿತಿಯನ್ನು ಯಾರು ಬಯಸುತ್ತಾರೆ?

ಕಂಪನಿಗಳ ಕೈ ಬದಲಾಗುವುದೂ ಉಂಟು. 2002ರ ಜುಲೈನಲ್ಲಿ ಆಪಲ್ ಜರ್ಮನಿಯ ಇಮ್ಯಾಜಿಕ್ ಕಂಪನಿಯನ್ನು ಕೊಂಡಿತು; ಅದರ ಲಾಜಿಕ್ ಸಾಫ್ಟ್‌ವೇರಿನ ವಿಂಡೋಸ್ ರೂಪ ಅಲ್ಲಿಗೇ ಮುಗಿಯಿತು. ವಿಂಡೋಸ್ ಬಳಸುತ್ತಿದ್ದವರು 5.5.1ರಲ್ಲೇ ಉಳಿದರು, ಕೆಲವರು ವರ್ಷಗಟ್ಟಲೆ. ಗಿಬ್ಸನ್ ಕಂಪನಿ 2017ರ ನವೆಂಬರಿನಲ್ಲಿ ಕೇಕ್‌ವಾಕ್ ಸೋನಾರ್‌ನ ಕೆಲಸವನ್ನೇ ನಿಲ್ಲಿಸಿತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಬಿಟ್ಟದ್ದು ಬಳಕೆದಾರರ ಪುಣ್ಯ. ಕ್ಯೂಬೇಸ್ ಜತೆ ಬರುತ್ತಿದ್ದ ಯುಎಸ್‌ಬಿ ಡಾಂಗಲ್ಲಿನ ಇ–ಲೈಸೆನ್ಸರ್ ಸೇವೆಯನ್ನು ಸ್ಟೈನ್‌ಬರ್ಗ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಡಾಂಗಲ್ಲಿನೊಳಗೆ ಆಗಲೇ ಇರುವ ಲೈಸೆನ್ಸ್ ಕೆಲಸ ಮಾಡುತ್ತದೆ. ಆ ಡಾಂಗಲ್ ಮುರಿದರೆ ಆ ಸೇವೆಯಿಂದ ಇನ್ನೊಂದಕ್ಕೆ ಲೈಸೆನ್ಸ್ ತುಂಬಿಸಿಕೊಳ್ಳುವ ದಾರಿ ಇಲ್ಲ.

ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯ ವರ್ಷನ್ನಿನಲ್ಲಿ ನಿಂತ ಎಲ್ಲರೂ ಕೊಂಡು ನಿಂತವರಲ್ಲ. 2000ದ ದಶಕದಲ್ಲಿ ನಮ್ಮ ಊರುಗಳಲ್ಲಿ ಕ್ರ್ಯಾಕ್ ಮಾಡಿದ ಸಿಡಿಗಳು ಕೈಯಿಂದ ಕೈಗೆ ಹರಿದವು; ಕ್ರ್ಯಾಕ್ ಸಿಕ್ಕಿದ ವರ್ಷನ್ನೇ ಎಷ್ಟೋ ಜನರ ಕಾಯಂ ವರ್ಷನ್ ಆಯಿತು. ತನ್ನ ಹಾಡಿನ ರಾಯಲ್ಟಿ ಕೇಳುವವರು ಇನ್ನೊಬ್ಬರ ದುಡಿಮೆಯನ್ನು ಹಾಗೆ ಬಳಸಬಾರದು, ಅದರಲ್ಲಿ ಎರಡು ಮಾತಿಲ್ಲ. ಅಂಥ ಕಾಪಿಗಳಿಗೆ ಬೆಂಬಲವೂ ಇಲ್ಲ, ಭದ್ರತೆಯೂ ಇಲ್ಲ. ಆದರೆ ದುಡ್ಡು ಕೊಟ್ಟು ಕೊಂಡವರೂ ಅದೇ ವರ್ಷನ್ನಿನಲ್ಲಿ ನಿಂತಿದ್ದಾರೆ ಎಂಬುದನ್ನು ಮರೆಯಬಾರದು. ಎಫ್‌ಎಲ್ ಸ್ಟುಡಿಯೋ ತಯಾರಿಸುವ ಬೆಲ್ಜಿಯಮ್ಮಿನ ಇಮೇಜ್–ಲೈನ್ ಒಮ್ಮೆ ಕೊಂಡವರಿಗೆ ಜೀವಮಾನವಿಡೀ ಉಚಿತ ಅಪ್‌ಡೇಟ್ ಕೊಡುತ್ತದೆ. ಅಲ್ಲಿ ದುಡ್ಡಿನ ಪ್ರಶ್ನೆಯೇ ಇಲ್ಲ. ಆದರೂ ಹಿಡಿದ ಆಲ್ಬಮ್ ಮುಗಿಯುವವರೆಗೆ ಅಪ್‌ಡೇಟ್ ಒತ್ತದವರಿದ್ದಾರೆ.

ಹಳೆಯ ಪೆಟ್ಟಿಗೆಗೂ ಆಯಸ್ಸಿದೆ

ಇಷ್ಟೆಲ್ಲ ಹೇಳಿದ ಮೇಲೂ ಹಳೆಯ ಸಿಸ್ಟಮ್ಮನ್ನು ನಂಬಿ ಕೂರುವುದು ಅಪಾಯ. ಹಾರ್ಡ್‌ಡಿಸ್ಕ್ ತಿರುಗುವ ಯಂತ್ರ. ಒಂದು ದಿನ ನಿಲ್ಲುತ್ತದೆ. ತಿರುಗಿಸದೆ ಇಟ್ಟರೂ ಕೆಡುತ್ತದೆ. ಅಮೆರಿಕದ ದೊಡ್ಡ ಸಂಗೀತ ಕಂಪನಿಗಳ ಸಾಮಗ್ರಿಯನ್ನು ಕಾಪಾಡುವ ಐರನ್ ಮೌಂಟನ್ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ, ತಮ್ಮ ಬಳಿ ಬರುವ 1990ರ ದಶಕದ ಹಾರ್ಡ್‌ಡಿಸ್ಕುಗಳಲ್ಲಿ ಸುಮಾರು ಐದರಲ್ಲಿ ಒಂದು ಓದಲಿಕ್ಕೇ ಬರುವುದಿಲ್ಲ. ಹವೆ ನಿಯಂತ್ರಿಸಿದ ಉಗ್ರಾಣಗಳ ಪಾಡೇ ಇದು. ಧೂಳು, ತೇವ, ಕರೆಂಟಿನ ಏರಿಳಿತ ಎಲ್ಲ ಕಂಡ ನಮ್ಮ ಮನೆ ಸ್ಟುಡಿಯೋಗಳ ಡಿಸ್ಕುಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಇಂಟರ್‌ನೆಟ್ ಇಲ್ಲದ ಸಿಸ್ಟಮ್ಮಿಗೂ ಪೆನ್‌ಡ್ರೈವ್ ಮೂಲಕ ವೈರಸ್ ಬರುತ್ತದೆ.

ಹೊಸ ವರ್ಷನ್‌ಗಳಲ್ಲಿ ಒಳ್ಳೆಯದೂ ಬೇಕಾದಷ್ಟಿದೆ. ನಮ್ಮ ನೆರೆಯ ಗದ್ದಲವನ್ನೇ ತೆಗೆದುಕೊಳ್ಳಿ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು, ಆದರೆ ಯುದ್ಧವಿಮಾನಗಳ ಪರೀಕ್ಷಾ ಹಾರಾಟ ಇಂದಿಗೂ ಇದೆ. ಟೇಕಿನ ನಡುವೆ ತೇಜಸ್ ಏರಿದರೆ ಮೊದಲು ಆ ಟೇಕನ್ನೇ ಬಿಡಬೇಕಿತ್ತು. ಈಗ ದನಿಯನ್ನು ಗದ್ದಲದಿಂದ ಬೇರ್ಪಡಿಸುವ ಸಾಧನಗಳು ಬಂದಿವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅವು ಬೇಕೆಂದರೆ ಹೊಸ ಸಿಸ್ಟಮ್ ಬೇಕು. ಹಳೆಯದರಲ್ಲಿ ಹಳೆಯ ಹಾಡು, ಹೊಸದರಲ್ಲಿ ಹೊಸ ಹಾಡು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡವರೇ ಇವತ್ತು ನೆಮ್ಮದಿಯಾಗಿದ್ದಾರೆ.

ಈಗಲೇ ಮಾಡಬೇಕಾದ ಕೆಲಸ

ನನ್ನ ತೀರ್ಮಾನ ಇಷ್ಟು. ಕಲಾವಿದರು ತಮ್ಮ ಕೈಗೆ ಒಗ್ಗಿದ ವರ್ಷನ್ನನ್ನು ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಲಿ. ಅದು ಅವರ ಹಕ್ಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಹಾಡಿನ ಬದುಕನ್ನು ಆ ವರ್ಷನ್ನಿನ ಬದುಕಿಗೆ ಕಟ್ಟಿಹಾಕಬಾರದು. ಇವೆರಡನ್ನೂ ಬಿಡಿಸುವ ದಾರಿ ಬಹಳ ಸರಳ. ಗ್ರ್ಯಾಮಿ ಪ್ರಶಸ್ತಿ ಕೊಡುವ ರೆಕಾರ್ಡಿಂಗ್ ಅಕಾಡೆಮಿಯ ಎಂಜಿನಿಯರುಗಳ ವಿಭಾಗ ಬಹಳ ವರ್ಷಗಳಿಂದ ಹೇಳುತ್ತಾ ಬಂದಿರುವುದೂ ಇದನ್ನೇ: ಪ್ರತಿಯೊಂದು ಟ್ರ್ಯಾಕನ್ನೂ ಹಾಡಿನ ಮೊಟ್ಟಮೊದಲ ಕ್ಷಣದಿಂದ ಕೊನೆಯವರೆಗೆ ಒಂದೊಂದು ವೇವ್ ಫೈಲಾಗಿ ತೆಗೆದಿಡಿ. ವೇವ್ ರೂಪ ಬಂದದ್ದು 1991ರಲ್ಲಿ. ಮೂರು ದಶಕ ದಾಟಿದರೂ ಅದು ಎಲ್ಲ ಸಾಫ್ಟ್‌ವೇರಿನಲ್ಲೂ, ಎಲ್ಲ ವರ್ಷನ್ನಿನಲ್ಲೂ ತೆರೆದುಕೊಳ್ಳುತ್ತದೆ. ಬಿಟ್‌ವಿಗ್ ಮತ್ತು ಪ್ರೀಸೋನಸ್ ಕಂಪನಿಗಳು 2023ರಲ್ಲಿ ತಂದ ಡಾಪ್ರಾಜೆಕ್ಟ್ ಎಂಬ ಮುಕ್ತ ರೂಪ ಒಂದು ಸಾಫ್ಟ್‌ವೇರಿನ ಪ್ರಾಜೆಕ್ಟನ್ನು ಇನ್ನೊಂದರಲ್ಲಿ ತೆರೆಯಲು ನೆರವಾಗುತ್ತದೆ. 2024ರ ಕ್ಯೂಬೇಸ್ 14 ಕೂಡ ಅದನ್ನು ಒಪ್ಪಿಕೊಂಡಿದೆ. ಇದು ಒಳ್ಳೆಯ ಸುದ್ದಿ. ಆದರೂ ಪ್ಲಗಿನ್ನೇ ಇಲ್ಲದಾಗ ವೇವ್ ಫೈಲಿಗೆ ಸಮನಾದದ್ದು ಬೇರೊಂದಿಲ್ಲ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಕೋರಿಕೆ ಇದೆ. ಯಾವ ವರ್ಷನ್ನಿಗೆ ಬೆಂಬಲ ನಿಲ್ಲಿಸುತ್ತೀರೋ ಅದನ್ನು ಕೊಂಡವರಿಗೆ ಇಂಟರ್‌ನೆಟ್ ಇಲ್ಲದೆಯೂ, ಡಾಂಗಲ್ ಇಲ್ಲದೆಯೂ ತೆರೆಯುವ ಬೀಗದ ಕೈಯನ್ನು ಕೊಟ್ಟು ಹೋಗಿ. ಕನ್ನಡದ ಕ್ಯಾಸೆಟ್, ಆಡಿಯೋ ಕಂಪನಿಗಳು ಮತ್ತು ಸಂಗೀತ ನೃತ್ಯ ಅಕಾಡೆಮಿಯಂಥ ಸಂಸ್ಥೆಗಳಲ್ಲಿ ಇನ್ನೊಂದು ಕೋರಿಕೆ. ಮುಗಿದ ಹಾಡಿನ ಜತೆ ಅದರ ಬಿಡಿ ಟ್ರ್ಯಾಕುಗಳನ್ನೂ ಕೇಳಿ ಪಡೆಯಿರಿ, ಆ ಕೆಲಸಕ್ಕೆ ಒಂದಿಷ್ಟು ದುಡ್ಡು ಸೇರಿಸಿ ಕೊಡಿ, ಕಾಪಾಡಿ.

ಇನ್ನು ಮನೆಯಲ್ಲಿ ಹಳೆಯ ಸಿಸ್ಟಮ್ ಇಟ್ಟುಕೊಂಡಿರುವ ಗೆಳೆಯರಲ್ಲಿ ನನ್ನ ವಿನಂತಿ. ಈ ವಾರ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಆ ಕಂಪ್ಯೂಟರನ್ನು ಆನ್ ಮಾಡಿ. ನಿಮಗೆ ತೀರಾ ಬೇಕಾದ ಹಾಡಿನಿಂದ ಶುರುಮಾಡಿ, ಒಂದೊಂದೇ ಟ್ರ್ಯಾಕನ್ನು ವೇವ್ ಆಗಿ ತೆಗೆಯಿರಿ. ಹಾಡಿನ ಹೆಸರು, ಹಾಡಿದವರು, ನುಡಿಸಿದವರು, ಶ್ರುತಿ, ವೇಗ, ಬಳಸಿದ ವರ್ಷನ್ ಇಷ್ಟನ್ನು ಒಂದು ಪಠ್ಯ ಫೈಲಿನಲ್ಲಿ ಬರೆದು ಅದರ ಜತೆಗಿಡಿ. ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಇನ್‌ಸ್ಟಾಲ್ ಮಾಡುವ ಹಳೆಯ ಸಿಡಿ, ಸೀರಿಯಲ್ ನಂಬರು, ಡಾಂಗಲ್ ಇವನ್ನೂ ಎತ್ತಿಡಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಹಳೆಯ ಸಿಸ್ಟಮ್ ಓಡುತ್ತಿರುವಾಗಲೇ ಮುಗಿಸಬೇಕಾದ ಕೆಲಸ ಇದು. ಅದು ನಿಂತ ಮೇಲೆ ಯಾವ ಅಪ್‌ಡೇಟೂ ಆ ಹಾಡನ್ನು ಮರಳಿ ತರಲಾರದು.